ತಂತ್ರಾಂಶಕ್ಕಿಂತ ಮೊದಲು ಯೂನಿಕೋಡ್

ವಿಜ್ಞಾನದ ತರಗತಿಯಲ್ಲಿ ಪ್ರಶ್ನೆ ಕೇಳಲು ಹಿಂಜರಿಯುವುದೇಕೆ ಎಂದು ಕ್ರಿಯಾ ಸಂಶೋಧನೆಗಾಗಿ 9ನೇ ತರಗತಿಯ 12 ಮಕ್ಕಳನ್ನು ಮಾತನಾಡಿಸಿದ್ದೆ. ಉತ್ತರಗಳ ಕೋಡಿಂಗ್‌ಗೆ ಎನ್‌ವಿವೊ ತಂತ್ರಾಂಶ ಒಳ್ಳೆಯದೆಂದರು. ಅದರ ಬೆಲೆ ನಮ್ಮಂಥವರಿಗೆ ಎಟುಕದು. ಸಹಪಾಠಿಯೊಬ್ಬರು ಕ್ರ್ಯಾಕ್ ಮಾಡಿದ ಪ್ರತಿ ಕೊಡಲು ಬಂದರು. ನಕಲು ಮಾಡಬೇಡಿ ಎಂದು ಮಕ್ಕಳಿಗೆ ಹೇಳುವವರು ನಾವು, ಬೇಡವೆಂದೆ.

ಟ್ಯಾಗೆಟ್, ಕ್ವಾಲ್‌ಕೋಡರ್ ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಟ್ಯಾಗೆಟ್‌ನಲ್ಲಿ ಮಗುವಿನ ಮಾತನ್ನು ಆಯ್ದು ‘ನಗುತ್ತಾರೆಂಬ ಭಯ’ ಎಂದು ಕನ್ನಡದಲ್ಲೇ ಗುರುತಿಸಬಹುದು, ಧ್ವನಿಮುದ್ರಣವಿದ್ದರೆ ಕ್ವಾಲ್‌ಕೋಡರ್. ಆದರೆ ಹಳೆಯ ಆಸ್ಕಿ ಫಾಂಟ್‌ನಲ್ಲಿ ನಾನು ಟೈಪಿಸಿದ್ದ ಮಾತುಗಳೆಲ್ಲ ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಂಡವು. ಯೂನಿಕೋಡ್‌ಗೆ ಪರಿವರ್ತಿಸಿ ಒತ್ತಕ್ಷರ ತಿದ್ದುವಷ್ಟರಲ್ಲಿ ಎರಡು ರಾತ್ರಿ ಹೋದವು. (12 ಮಕ್ಕಳ ಮಾತಿಗೆ ಬಣ್ಣದ ಪೆನ್ನೇ ಸಾಕಿತ್ತೇನೋ!)

ಐಸಿಟಿ ಪ್ರಾಯೋಗಿಕದಲ್ಲಿ ಪವರ್‌ಪಾಯಿಂಟ್‌ಗೆ ಕೊಡುವ ಸಮಯದಲ್ಲೇ ಒಂದು ಅವಧಿಯನ್ನು ಯೂನಿಕೋಡ್ ಟೈಪಿಂಗ್‌ಗೆ, ಇನ್ನೊಂದನ್ನು ಟ್ಯಾಗೆಟ್‌ಗೆ ಮೀಸಲಿಡಬೇಕು. ಅದೂ ನಾವು ಶಾಲೆಗೆ ಹೊರಡುವ ಮೊದಲೇ.