ಮುತ್ತುಲಕ್ಷ್ಮಿ ರೆಡ್ಡಿಯವರ ಲೆಕ್ಕ ಜಮೀನಿನಿಂದ ಶುರುವಾಗಲಿ

ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಪಠ್ಯಪುಸ್ತಕದ ಕಥೆಯಲ್ಲಿ ಅವರು ಬರೀ 'ಮೊದಲಿಗರು': ಬ್ರಿಟಿಷ್ ಇಂಡಿಯಾದ ಮೊದಲ ಶಾಸಕಿ, ಮದರಾಸು ಲೆಜಿಸ್ಲೇಟಿವ್ ಕೌನ್ಸಿಲ್ಲಿನಲ್ಲಿ ಉಪಾಧ್ಯಕ್ಷ ಪೀಠಕ್ಕೇರಿದ ಮೊದಲ ಹೆಂಗಸು. ಸಂಗೀತ-ನೃತ್ಯದ ವಲಯಗಳಲ್ಲಿ ಕೇಳಿಬರುವ ಕಥೆಯಲ್ಲಿ ಅವರು ಮಡಿವಂತ ಡಾಕ್ಟರಮ್ಮ. ದೇವದಾಸಿಯರ ಕಲೆಯನ್ನೂ ಅನ್ನವನ್ನೂ ಕಸಿದವರು. ಹೊಗಳುವವರಾಗಲಿ ತೆಗಳುವವರಾಗಲಿ 1929ನೇ ಇಸವಿಯನ್ನು ಮಾತ್ರ ಹಾರಿಸಿಬಿಡುತ್ತಾರೆ.

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರಲ್ಲಿ, ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಕಾಲೇಜಿನ ಪ್ರಿನ್ಸಿಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಹಿನ್ನೆಲೆಯವರು. ಮಗಳು 1912ರಲ್ಲಿ ಮದರಾಸು ಮೆಡಿಕಲ್ ಕಾಲೇಜಿನಿಂದ ಡಾಕ್ಟರಾದರು. 1926ರ ಕೌನ್ಸಿಲ್ ಚುನಾವಣೆಗೆ ನಿಂತಿದ್ದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಅಲ್ಪ ಅಂತರದಲ್ಲಿ ಸೋತಿದ್ದರು. ಮುತ್ತುಲಕ್ಷ್ಮಿಯವರು ಸದನಕ್ಕೆ ಬಂದದ್ದು ಸರಕಾರದ ನಾಮನಿರ್ದೇಶನದಿಂದ. ಹೀಗೆ ಬಂದವರು ಕುರ್ಚಿ ಬಿಸಿ ಮಾಡಿ ಹೋಗಬಹುದಿತ್ತು. ಅವರು 1927ರಲ್ಲೇ, ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಬಿಡುವ ಪದ್ಧತಿ ನಿಲ್ಲಬೇಕೆಂಬ ನಿರ್ಣಯವನ್ನು ಸದನದ ಮುಂದಿಟ್ಟರು.

ಎರಡು ವರ್ಷಗಳ ನಂತರ ಬಂದ ಕಾನೂನು ಯಾರಿಗೂ ನೀತಿಪಾಠ ಹೇಳಲಿಲ್ಲ. ಅದು ಕೈಹಾಕಿದ್ದು ಇನಾಂ ಜಮೀನಿಗೆ. ದೇವಸ್ಥಾನದ ಸೇವೆ ಮಾಡುವ ತನಕ ಮಾತ್ರ ಆ ಜಮೀನು ದೇವದಾಸಿಯದು. ಸೇವೆ ನಿಂತರೆ ಭೂಮಿಯೂ ಹೋಯಿತು. ಮನೆತನದಲ್ಲಿ ಭೂಮಿ ಉಳಿಯಬೇಕಾದರೆ ಮುಂದಿನ ತಲೆಮಾರಿನ ಒಬ್ಬ ಹುಡುಗಿಯನ್ನೂ ದೇವರಿಗೆ ಬಿಡಬೇಕು. ಪದ್ಧತಿಯ ಕೀಲು ಇದ್ದದ್ದು ಅಲ್ಲಿ. 1929ರ ತಿದ್ದುಪಡಿ ಸೇವೆಯ ಷರತ್ತನ್ನು ಕಿತ್ತುಹಾಕಿ, ಜಮೀನನ್ನು ಆ ಹೆಂಗಸರ ಕೈಯಲ್ಲೇ ಉಳಿಸಿತು. ಹೊಟ್ಟೆಪಾಡಿನ ಪ್ರಶ್ನೆ ಮೊದಲು ಎಂಬುದನ್ನು ಅರಿತವರನ್ನು ಬರೀ ಮಡಿವಂತರೆಂದು ತಳ್ಳಿಹಾಕುವುದು ಅನ್ಯಾಯ.

ಆದರೆ ವಿರೋಧಿಸಿದವರೆಲ್ಲ ಮೂಢರೂ ಅಲ್ಲ, ಸಂಪ್ರದಾಯದ ಗುಲಾಮರೂ ಅಲ್ಲ. ಮುಂಚೂಣಿಯಲ್ಲಿದ್ದವರು ಬೆಂಗಳೂರು ನಾಗರತ್ನಮ್ಮ: ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಹೆಸರು ಮಾಡಿ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ದುಡ್ಡು ಸುರಿದು ಗುಡಿ ಕಟ್ಟಿಸಿದ ಗಾಯಕಿ. ತಮ್ಮ ಇಡೀ ಸಮುದಾಯವನ್ನು ವೇಶ್ಯೆಯರೆಂದು ಒಂದೇ ಮಾತಿನಲ್ಲಿ ಕರೆಯುವುದನ್ನು ದೇವದಾಸಿಯರ ಸಂಘ ಒಪ್ಪಲಿಲ್ಲ. ಈ ತಕರಾರಿನಲ್ಲಿ ಸತ್ಯವಿತ್ತು. ಸುಧಾರಣೆಯ ಭಾಷೆ ಕಲಾವಿದೆ, ಆಸ್ತಿಯ ಒಡತಿ, ಬಡ ಹುಡುಗಿ ಎಲ್ಲರನ್ನೂ ಒಂದೇ ಹೆಸರಿನ ಕೆಳಗೆ ತುರುಕಿತು. ಮುತ್ತುಲಕ್ಷ್ಮಿಯವರ ಮಾತೂ ಈ ದೋಷದಿಂದ ಹೊರತಲ್ಲ.

ಅವರು 1930ರಲ್ಲಿ ಗಾಂಧೀಜಿಯ ಬಂಧನವನ್ನು ಪ್ರತಿಭಟಿಸಿ ಕೌನ್ಸಿಲ್ಲಿಗೆ ರಾಜೀನಾಮೆ ಕೊಟ್ಟರು. ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಅವ್ವೈ ಹೋಮ್ ತೆರೆದರು; ಮುಂದೆ 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದೂ ಅವರ ಹಟದಿಂದಲೇ. ದೇವದಾಸಿ ಪದ್ಧತಿಯ ಪೂರ್ಣ ನಿಷೇಧ ಬಂದದ್ದು 1947ರಲ್ಲಿ. ಆ ಕಾನೂನು ದೇವಸ್ಥಾನದ ಆವರಣದಲ್ಲಿ, ದೇವರ ಮೆರವಣಿಗೆಯಲ್ಲಿ ಹೆಂಗಸರು ಕುಣಿಯುವುದನ್ನೂ ಅಪರಾಧವೆಂದಿತು. 1929ರಲ್ಲಿ ಕೊಡುವ ಕೈಯಿತ್ತು. 1947ರಲ್ಲಿ ಉಳಿದದ್ದು ತಡೆಯುವ ಕೈ. ಇನಾಂ ಜಮೀನೇ ಇಲ್ಲದವರಿಗಂತೂ ಎರಡರಿಂದಲೂ ತುತ್ತು ಹುಟ್ಟಲಿಲ್ಲ. ಟೀಕಿಸುವುದಾದರೆ ಇದನ್ನು ಟೀಕಿಸಬೇಕು.

ಇದು ಮದರಾಸಿನ ಹಳೆಯ ಜಗಳವೆಂದು ಕನ್ನಡಿಗರು ಕೈ ತೊಳೆದುಕೊಳ್ಳುವಂತಿಲ್ಲ. ಕರ್ನಾಟಕದ ವಿಧಾನಮಂಡಲ 1982ರಲ್ಲಿ ತಂದ ದೇವದಾಸಿ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು. ಜೈಲು, ದಂಡ ಎಲ್ಲ ಬರೆಯಿತು. ಈ ಕಾಯ್ದೆಯಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸಿಗೆ ಭೂಮಿಯ ಹಕ್ಕು ಮಾತ್ರ ಸಿಗಲಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯನಗರದ ಕಡೆಯ ದಲಿತ ಹೆಂಗಸರು ಮಾಸಾಶನ, ಮನೆ, ಜಮೀನು ಕೇಳುತ್ತ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಿದ್ದಾರೆ. ಮದರಾಸಿನ ನಾಮನಿರ್ದೇಶಿತ ಸದಸ್ಯೆಯೊಬ್ಬರಿಗೆ 1929ರಲ್ಲಿ ಹೊಳೆದದ್ದು, ಮತ ಪಡೆದು ಬಂದ ಸದನಕ್ಕೆ 53 ವರ್ಷಗಳ ನಂತರವೂ ಹೊಳೆಯಲಿಲ್ಲ.

ಮುತ್ತುಲಕ್ಷ್ಮಿಯವರ ಫೋಟೋಕ್ಕೆ ಹಾರ ಹಾಕುವ ಶಾಸಕರು ಅವರ 1929ರ ಕಾನೂನನ್ನು ಒಮ್ಮೆ ಓದಲಿ. ಆಮೇಲೆ ತಮ್ಮ ಕ್ಷೇತ್ರದ ಮಾಜಿ ದೇವದಾಸಿಯರಲ್ಲಿ ಎಷ್ಟು ಜನರ ಹೆಸರಿನಲ್ಲಿ ಪಹಣಿ ಇದೆ ಎಂದು ತಹಶೀಲ್ದಾರರನ್ನು ಕೇಳಲಿ.