ಎಣಿಸಿದರೆ ಸಾಕೇನ್ರಿ?

ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್ ಬಂದವು ಅಂತ ಎಣಿಸಿ, ಯಾವುದೂ ಖಾಲಿ ಇಲ್ಲ ಅಂತ ನೋಡಿ, ಪರೀಕ್ಷೆ ಮುಗೀತು ಅನ್ನೋ ಪ್ರೋಗ್ರಾಮರ್‌ಗಳು ಬಹಳ ಮಂದಿ ಅದಾರ. ನನ್ನ ಜಗಳ ಅವರ ಜೊತೆ.

ಎಣಿಕೆ ದೊಡ್ಡ ಕೆಲಸವೇ ಅಲ್ಲ. ಮೂರು ಕೇಳಿದ ಕಡೆ ಎರಡೇ ಕೊಟ್ಟರೆ ಪೈಥಾನ್ ಅಲ್ಲೇ ತಡೆದು ನಿಲ್ಲಿಸುತ್ತದೆ. ಜಾವಾಸ್ಕ್ರಿಪ್ಟ್ ತಡೆಯುವುದಿಲ್ಲ; ಬಾರದ ಮೂರನೆಯದನ್ನು 'ಅನ್‌ಡಿಫೈನ್ಡ್' ಎಂದಿಟ್ಟುಕೊಂಡು ಮುಂದೆ ನಡೆಯುತ್ತದೆ. ಅಲ್ಲಿ ನಾವೇ ಎಣಿಸಬೇಕು, ಸರಿ. ಆದರೆ ಎಣಿಸಿದ ಮೇಲೆ?

ಪಹಣಿಯನ್ನೇ ತಗೊಳ್ರಿ. ಕರ್ನಾಟಕದಲ್ಲಿ ಒಂದು ಹೊಲದ ಪಹಣಿ ಹುಡುಕಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಬೇಕು. ಒಟ್ಟು 7. ಇವನ್ನು ತೆಗೆದುಕೊಳ್ಳುವ ಫಂಕ್ಷನ್ ನೀವು ಬರೆದಿದ್ದೀರಿ ಅಂದುಕೊಳ್ರಿ. ಜಿಲ್ಲೆ ಬೀದರ್, ತಾಲ್ಲೂಕು ಔರಾದ್, ಹೋಬಳಿ ಮಾತ್ರ ಭಾಲ್ಕಿ ತಾಲ್ಲೂಕಿನದು ಬಂತು. ಎಣಿಕೆ 7, ಯಾವುದೂ ಖಾಲಿ ಇಲ್ಲ, ಎಲ್ಲವೂ ಇರುವ ಊರುಗಳೇ. ನಿಮ್ಮ ಫಂಕ್ಷನ್ ಹುಡುಕಿ, ಸಿಗದೆ, 'ದಾಖಲೆ ಇಲ್ಲ' ಅನ್ನುತ್ತದೆ.

ದಾಖಲೆ ಅದ ರೀ! ತಪ್ಪಿದ್ದು ಕೇಳಿದ ಪ್ರಶ್ನೆ. 'ಈ ಹೋಬಳಿ ಔರಾದ್ ತಾಲ್ಲೂಕಿನದಲ್ಲ' ಅನ್ನುವುದು ಬೇರೆ ಮಾತು, 'ದಾಖಲೆ ಇಲ್ಲ' ಅನ್ನುವುದು ಬೇರೆ ಮಾತು. ಮೊದಲನೆಯದಾದರೆ ರೈತ ಅಲ್ಲೇ ತಿದ್ದಿಸಿಕೊಳ್ತಾನೆ. ಎರಡನೆಯದಾದರೆ ತನ್ನ ಹೊಲವೇ ಯಾರ ಹೆಸರಿಗೋ ಹೋಯ್ತೇನೋ ಅಂತ ಕೂಲಿ ಬಿಟ್ಟು ಬೀದರಿನ ಬಸ್ ಹತ್ತುತ್ತಾನೆ.

ಇನ್ನು ಕೆಲವರು ಪರೀಕ್ಷೆ ಹೆಸರಲ್ಲಿ ಸರಿಯಾದದ್ದನ್ನೇ ಹೊರಗೆ ಹಾಕ್ತಾರೆ. ಹಿಸ್ಸಾ ಆಗದ ಹೊಲಕ್ಕೆ ಹಿಸ್ಸಾ ಜಾಗದಲ್ಲಿ * ಇರುತ್ತದೆ. 'ಅಂಕಿ ಮಾತ್ರ' ಅಂತ ಬರೆದಿರೋ, ಹೊಲ ಪಾಲೇ ಆಗದವನಿಗೆ ಪಹಣಿ ಇಲ್ಲ. ಹೆಸರಿಗೆ 'ಅಕ್ಷರ ಮಾತ್ರ' ಅಂದರೂ ಅದೇ ಕಥೆ: ಯೂನಿಕೋಡ್‌ನಲ್ಲಿ 'ಭಾಲ್ಕಿ' ಅಂದರೆ 6 ಸಂಕೇತ, ಅದರಲ್ಲಿ 3 ಮಾತ್ರ ಅಕ್ಷರದ ವರ್ಗಕ್ಕೆ ಸೇರಿವೆ. ದೀರ್ಘ, ಒತ್ತು, ಗುಡಿಸು ಬೇರೆ ವರ್ಗ. ನಿಮ್ಮ ಪರೀಕ್ಷೆಯಲ್ಲಿ ಭಾಲ್ಕಿಯೇ ಫೇಲ್.

'ಪರದೆ ಮೇಲೆ ಡ್ರಾಪ್‌ಡೌನ್ ಅದಲ್ಲ, ತಪ್ಪು ಹೆಂಗ ಬರ್ತದ?' ಅಂತೀರಿ. ಇವತ್ತು ಪರದೆಯಿಂದ ಬರ್ತದ. ನಾಳೆ ಎಕ್ಸೆಲ್ ಫೈಲಿನಿಂದ, ನಾಡಿದ್ದು ಇನ್ನೊಂದು ಇಲಾಖೆಯ ಪ್ರೋಗ್ರಾಮಿನಿಂದ. ಬಾಗಿಲು ಫಂಕ್ಷನ್‌ದು, ಕಾವಲೂ ಅಲ್ಲೇ ಇರಬೇಕು. ಯಾವ ಆರ್ಗ್ಯುಮೆಂಟ್ ತಪ್ಪು, ಬಂದದ್ದೇನು, ಬೇಕಾದದ್ದೇನು: ಈ ಮೂರನ್ನೂ ಕನ್ನಡದಲ್ಲಿ ಹೇಳ್ರಿ. ನಾಲ್ಕು ಸಾಲು ಹೆಚ್ಚು ಕೋಡ್ ಬರೆದರೆ ಒಬ್ಬನ ಒಂದು ದಿನದ ಕೂಲಿ ಉಳಿತದ.