ಮರದ ಲೆಕ್ಕದಲ್ಲಿ ಪೊಟರೆ ಇಲ್ಲ

ರಸ್ತೆ ಅಗಲೀಕರಣದ ಸುದ್ದಿ ಕಳಿಸುವಾಗ ನಾವು ಬರೆಯುವುದು ಎರಡೇ ಸಂಖ್ಯೆ: ಕಡಿಯುವ ಮರ ಎಷ್ಟು, ಬದಲಿಗೆ ನೆಡುವ ಸಸಿ ಎಷ್ಟು. ನಾನೂ ಹಾಗೇ ಬರೆದಿದ್ದೇನೆ. ಆ ಮರದ ಪೊಟರೆಯಲ್ಲಿ ಯಾರಿದ್ದಾರೆ ಎಂದು ಕೇಳಿದವನಲ್ಲ.

ಬಹಳ ಕಡೆ ಅಲ್ಲಿರುವುದು ಹಾಲಕ್ಕಿ. ನಮ್ಮ ಪುಟ್ಟ ಗೂಬೆ. ಉದ್ದ ಸುಮಾರು 21 ಸೆಂ.ಮೀ., ಹೆಚ್ಚುಕಡಿಮೆ ಗೊರವಂಕದಷ್ಟೇ. ಕಂದು ಮೈಮೇಲೆ ಬಿಳಿ ಚುಕ್ಕೆ, ಬಿಳಿ ಹುಬ್ಬು, ಹಳದಿ ಕಣ್ಣು. ಹತ್ತಿರ ಹೋದರೆ ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತಾ ದಿಟ್ಟಿಸುತ್ತದೆ. ಬೆಳಕು ಮಾಸುವ ಹೊತ್ತಿಗೆ ಜೋಡಿಯಾಗಿ ಹೊರಬಂದು ಕಿರುಚಾಟ ಶುರು ಮಾಡುತ್ತದೆ. ಬೀದಿದೀಪದ ಹತ್ತಿರ ಹುಳಕ್ಕೆ ಕಾದು ಕೂತಿದ್ದನ್ನು ನೀವೂ ನೋಡಿರಬಹುದು. ಮಿಡತೆ, ಜೀರುಂಡೆ, ಪತಂಗ, ಹಲ್ಲಿ, ಇಲಿ ಇವೇ ಅದರ ಊಟ. ಅರಗದ ಮೂಳೆ, ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ಮರದ ಬುಡದಲ್ಲಿ ಬಿದ್ದ ಅಂಥ ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿ, ಹೊಲದಲ್ಲಿ ಅದು ಮಾಡುವ ಕೆಲಸ ಗೊತ್ತಾಗುತ್ತದೆ.

ಹಾಲಕ್ಕಿ ಶುಭ ನುಡಿದಿದೆ ಎಂದು ಬುಡಬುಡಕೆಯವರು ಹೇಳಿದರೆ ಅಕ್ಕಿ ಹಾಕಿ ಕಳಿಸುವ ನಾವೇ, ಅದೇ ಹಕ್ಕಿ ಮಾಳಿಗೆ ಮೇಲೆ ಕೂತರೆ ಕಲ್ಲು ಬೀರುತ್ತೇವೆ. ದೀಪಾವಳಿ ಹತ್ತಿರವಾದಾಗ ಮಾಟಕ್ಕೆಂದು ಗೂಬೆ ಹಿಡಿಯುವವರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಆದರೆ ಕಲ್ಲಿಗಿಂತ ದೊಡ್ಡ ಪೆಟ್ಟು ಕೊಡುವುದು ಗರಗಸ. ಹಾಲಕ್ಕಿಗೆ ಮರ ಕೊರೆಯಲು ಬರುವುದಿಲ್ಲ. ಕೊಂಬೆ ಮುರಿದು ಕೊಳೆತಲ್ಲಿ ತಾನಾಗಿ ಆದ ಪೊಟರೆ ಬೇಕು, ಇಲ್ಲವೇ ಪಾಳುಗೋಡೆಯ ಸಂದು. ನವೆಂಬರ್‌ನಿಂದ ಏಪ್ರಿಲ್ ನಡುವೆ ಅಲ್ಲೇ ಮೂರು-ನಾಲ್ಕು ಮೊಟ್ಟೆ ಇಟ್ಟು ಮರಿ ಮಾಡುತ್ತದೆ. ಮಳೆ ಮುಗಿದು ರಸ್ತೆ ಕೆಲಸ ಜೋರಾಗುವುದೂ ಇದೇ ತಿಂಗಳುಗಳಲ್ಲಿ. ಒಂದು ಮರಕ್ಕೆ ಹತ್ತು ಸಸಿ ನೆಟ್ಟೆವು ಎನ್ನುತ್ತಾರೆ. (ಅವು ಬದುಕುತ್ತವೆಯೇ ಎಂಬುದು ಬೇರೆ ಮಾತು.) ಹತ್ತೂ ಬದುಕಿದರೂ ಅವುಗಳಲ್ಲಿ ಪೊಟರೆ ಆಗಲು ದಶಕಗಳೇ ಬೇಕು.

1976ರ ಮರ ಸಂರಕ್ಷಣಾ ಕಾಯ್ದೆಯಂತೆ ಕಡಿಯುವ ಮುನ್ನ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರಗಳ ಪಟ್ಟಿಯಲ್ಲಿ ಜಾತಿ, ಸುತ್ತಳತೆಯ ಪಕ್ಕ ಇನ್ನೊಂದು ಕಾಲಂ ಹಾಕಲಿ: ಪೊಟರೆ ಇದೆಯೇ? ಇದ್ದ ಮರವನ್ನು ಸಾಧ್ಯವಾದರೆ ಬಿಡಲಿ. ಆಗದಿದ್ದರೆ ಮರಿಗಳು ಹಾರಿಹೋಗುವ ತನಕವಾದರೂ ಕಾಯಲಿ. ಇದಕ್ಕೆ ಹಣವೇನೂ ಖರ್ಚಾಗುವುದಿಲ್ಲ.

ಮುಂದಿನ ಸಲ ಪಟ್ಟಿ ಕೈಗೆ ಬಂದಾಗ, ಸುದ್ದಿ ಕಳಿಸುವ ಮೊದಲು ಸಂಜೆ ಆರೂವರೆಗೆ ಆ ರಸ್ತೆಯಲ್ಲಿ ಒಮ್ಮೆ ನಡೆದು ಬರುತ್ತೇನೆ. ಅಧಿಕಾರಿಗಳೂ ಜೊತೆಗೆ ಬಂದರೆ ಟೀ ನನ್ನದು.